ಶ್ರುತಿ ಇಳಿಸಿದ ಮೇಲೆ ಬಂದ ಹಾಡು: ಬಾಬ್ ಡಿಲನ್ ಅವರ 1997ರ ಆಲ್ಬಂ, ಒಂದು ಪ್ರಕರಣ ಅಧ್ಯಯನ

ಈ ಕಥೆಯನ್ನು ಹೆಚ್ಚಿನವರು ಹೇಳುವುದು ಹೀಗೆ. ಅಮೆರಿಕದ ಹಾಡುಗಾರ ಬಾಬ್ ಡಿಲನ್ 1997ರಲ್ಲಿ ಸಾಯುವ ಹಾಗಾದರು, ಆಸ್ಪತ್ರೆಯಿಂದ ಬದುಕಿ ಬಂದರು, ಆ ಭಯದಲ್ಲಿ ಹುಟ್ಟಿದ ಹಾಡುಗಳೇ 'ಟೈಮ್ ಔಟ್ ಆಫ್ ಮೈಂಡ್' ಆಲ್ಬಂ ಆದವು, ವರ್ಷಗಟ್ಟಲೆ ಸಪ್ಪೆಯಾಗಿದ್ದ ಮನುಷ್ಯ ಒಂದೇ ಸಲಕ್ಕೆ ಎದ್ದು ನಿಂತರು. ಕೇಳಲಿಕ್ಕೆ ಚೆನ್ನಾಗಿದೆ. ನಾನೂ ತುಂಬಾ ಸಮಯ ಇದನ್ನೇ ನಂಬಿದ್ದೆ, ಬೇರೆಯವರಿಗೂ ಹೇಳಿದ್ದೆ. ಆದರೆ ತಾರೀಕುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಈ ಕಥೆ ನಿಲ್ಲುವುದಿಲ್ಲ. ರೆಕಾರ್ಡಿಂಗ್ ಆದದ್ದು ಜನವರಿಯಲ್ಲಿ. ಕಾಯಿಲೆ ಬಂದದ್ದು ಮೇ ತಿಂಗಳ ಕೊನೆಯಲ್ಲಿ. ಹಾಡುಗಳನ್ನು ಬರೆದದ್ದು ಎರಡಕ್ಕೂ ಮೊದಲು.

ನನಗೆ ಇದನ್ನು ಕೂತು ನೋಡುವ ಹಾಗೆ ಮಾಡಿದವರು ನಮ್ಮ ಪಕ್ಕದ ಮನೆಯ ಅಣ್ಣ. ನಮ್ಮದು ಕುಲಶೇಖರದ ಕಡೆ, ಮಂಗಳೂರು. ಅಣ್ಣನಿಗೆ ಈಗ ಅರವತ್ತು ದಾಟಿದೆ. ಎಂಬತ್ತರ ದಶಕದಿಂದ ಮದುವೆ ಮನೆಗಳಲ್ಲಿ ಗಿಟಾರ್ ಹಿಡಿದು ಹಾಡಿದವರು, ರೋಸ್ (ಮದುವೆಗೆ ಮುಂಚಿನ ತೆಂಗಿನಹಾಲಿನ ಶಾಸ್ತ್ರ) ಇರಲಿ, ರಿಸೆಪ್ಶನ್ ಇರಲಿ, ಕೊಂಕಣಿ ಕುಣಿತದ ಹಾಡು ಬೈಲಾದಿಂದ ಹಿಡಿದು ರಾಕ್ ಅಂಡ್ ರೋಲ್‌ವರೆಗೆ ಯಾರು ಏನು ಕೇಳಿದರೂ ಇಲ್ಲ ಅಂದವರಲ್ಲ. ಕಳೆದ ಮಳೆಗಾಲದಲ್ಲಿ ಅವರು ಗಿಟಾರಿನ ತಂತಿ ಎಲ್ಲ ಸಡಿಲ ಮಾಡಿ, ಕವರಿಗೆ ಹಾಕಿ, ಕಪಾಟಿನ ಮೇಲೆ ಇಟ್ಟುಬಿಟ್ಟರು. "ಸ್ವರ ಹೋಯಿತು ಮಾರಾಯ, ಇನ್ನು ಎಂತ ಹಾಡುವುದು" ಅಂದರು. ಸಮಾಧಾನಕ್ಕೆ ಅಂತ ನಾನು ಡಿಲನ್ ಕಥೆ ಹೇಳಿದೆ, ಆಸ್ಪತ್ರೆಯ ಭಾಗವನ್ನು ಚೆನ್ನಾಗಿ ಬಣ್ಣಿಸಿಯೇ ಹೇಳಿದೆ. ಅವರು ಪೂರ್ತಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮತ್ತೆ ಹೇಳಿದರು, "ಕಾಯಿಲೆ ಬಂದರೆ ಹಾಡು ಬರ್ತದಾ? ನನ್ನ ಅಪ್ಪನಿಗೂ ಬಂದಿತ್ತು. ಅವರು ಮತ್ತೆ ಬಾಯಿ ಬಿಡಲಿಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಈ ಪ್ರಕರಣವನ್ನು ಮೊದಲಿನಿಂದ ಬಿಡಿಸಿ ನೋಡಿದೆ.

ಬಿದ್ದದ್ದು ಎಲ್ಲಿ

ಡಿಲನ್ ಹುಟ್ಟಿದ್ದು 1941ರ ಮೇ 24ರಂದು, ಅಮೆರಿಕದ ಮಿನ್ನೆಸೋಟಾ ರಾಜ್ಯದ ಡುಲೂತ್‌ನಲ್ಲಿ. ಅರವತ್ತರ ದಶಕದಲ್ಲಿ ಅವರು ಮಾಡಿದ್ದನ್ನು ಇಲ್ಲಿ ಹೇಳುತ್ತಾ ಕೂರುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ನಮಗೆ ಬೇಕಾದದ್ದು ಎಂಬತ್ತರ ದಶಕದ ಎರಡನೇ ಅರ್ಧ. 1986ರಲ್ಲಿ 'ನಾಕ್ಡ್ ಔಟ್ ಲೋಡೆಡ್', 1988ರಲ್ಲಿ 'ಡೌನ್ ಇನ್ ದ ಗ್ರೂವ್'. ಎರಡನ್ನೂ ಕೇಳಿ ನೋಡಿ. ಅಲ್ಲಿ ಇಲ್ಲಿ ಹೆಕ್ಕಿ ತಂದ ಹಾಡುಗಳು, ಬೇರೆ ಬೇರೆ ಜಾಗದಲ್ಲಿ ಬೇರೆ ಬೇರೆ ಜನರೊಂದಿಗೆ ಮಾಡಿದ ರೆಕಾರ್ಡಿಂಗ್, ಮಧ್ಯದಲ್ಲಿ ಮನಸ್ಸು ಎಲ್ಲೋ ಇರುವ ಒಬ್ಬ ಹಾಡುಗಾರ. ಮೊದಲನೆಯದರಲ್ಲಿ ನಾಟಕಕಾರ ಸ್ಯಾಮ್ ಶೆಪರ್ಡ್ ಜೊತೆ ಸೇರಿ ಬರೆದ ಹನ್ನೊಂದು ನಿಮಿಷದ ಒಂದು ಒಳ್ಳೆಯ ಹಾಡು ಉಂಟು, ಅದನ್ನು ಬಿಟ್ಟರೆ ಎತ್ತಿ ಹೇಳುವಂಥದ್ದು ಕಡಿಮೆ.

ಇದು ಬರೀ ವಿಮರ್ಶಕರ ಮಾತಲ್ಲ. 2004ರಲ್ಲಿ ಬಂದ 'ಕ್ರಾನಿಕಲ್ಸ್' ಎಂಬ ತಮ್ಮ ನೆನಪಿನ ಪುಸ್ತಕದಲ್ಲಿ ಡಿಲನ್ ಆ ದಿನಗಳ ಬಗ್ಗೆ ಏನನ್ನೂ ಮುಚ್ಚಿಡದೆ ಬರೆದಿದ್ದಾರೆ. ತಮ್ಮದೇ ಹಾಡುಗಳು ತಮಗೆ ಗುರುತಿಲ್ಲದವರ ಹಾಗೆ ಆಗಿದ್ದವು, ವೇದಿಕೆ ಮೇಲೆ ನಿಂತರೆ ಒಳಗೆ ಏನೂ ಏಳುತ್ತಿರಲಿಲ್ಲ, ಎಲ್ಲ ಬಿಟ್ಟುಬಿಡುವ ಯೋಚನೆಯೂ ಇತ್ತು. ಇದನ್ನು ಓದಿದಾಗ ನನಗೆ ಕಪಾಟಿನ ಮೇಲಿನ ಗಿಟಾರ್ ನೆನಪಾಯಿತು.

ಮಧ್ಯದಲ್ಲಿ ಒಂದು ಏರು ಬಂದಿತ್ತು, ಅದನ್ನು ಬಿಟ್ಟು ಹೇಳಿದರೆ ನ್ಯಾಯ ಆಗುವುದಿಲ್ಲ. 1989ರ 'ಓ ಮರ್ಸಿ'. ನಿರ್ಮಾಪಕ ಡೇನಿಯಲ್ ಲನ್ವಾ, ಕೆನಡಾದವರು, ಯೂಟೂ ಬ್ಯಾಂಡಿನ 'ದ ಜೋಶುವಾ ಟ್ರೀ' ಆಲ್ಬಮ್ಮಿನ ಇಬ್ಬರು ನಿರ್ಮಾಪಕರಲ್ಲಿ ಒಬ್ಬರು. ನ್ಯೂ ಆರ್ಲಿಯನ್ಸ್‌ನಲ್ಲಿ ಕೂತು ಮಾಡಿದ ಆ ಆಲ್ಬಂ ಚೆನ್ನಾಗಿಯೇ ಬಂತು, ಜನ 'ವಾಪಸ್ ಬಂದರು' ಅಂದರು. ಆದರೆ ಮರುವರ್ಷವೇ, 1990ರಲ್ಲಿ, 'ಅಂಡರ್ ದ ರೆಡ್ ಸ್ಕೈ' ಬಂದು ಆ ಖುಷಿ ಇಳಿದುಹೋಯಿತು. ಆಮೇಲೆ ಏಳು ವರ್ಷ ಅವರಿಂದ ಸ್ವಂತ ಹೊಸ ಹಾಡುಗಳ ಒಂದು ಆಲ್ಬಂ ಕೂಡ ಇಲ್ಲ. ನಲವತ್ತೊಂಬತ್ತರಿಂದ ಐವತ್ತಾರು, ಆ ವಯಸ್ಸು ಪೂರ್ತಿ ಖಾಲಿ.

ಇದರ ನಡುವೆ 1991ರಲ್ಲಿ ಗ್ರ್ಯಾಮಿಯವರು ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟರು. ವಯಸ್ಸು ಇನ್ನೂ ಐವತ್ತಾಗಿರಲಿಲ್ಲ. ನಮ್ಮ ಊರಲ್ಲೂ ನೋಡಿದ್ದೇವೆ ಅಲ್ವಾ, ಶಾಲು, ಹಾರ, ಹಣ್ಣುಹಂಪಲು, ಸ್ಮರಣಿಕೆ ಕೊಟ್ಟು ಕುರ್ಚಿಯಲ್ಲಿ ಕೂರಿಸಿದ ಮೇಲೆ ಕಲಾವಿದನಿಗೆ ಮತ್ತೆ ನೆಲದ ಮೇಲೆ ಕೂತು ಅಭ್ಯಾಸ ಮಾಡುವುದು ಎಷ್ಟು ಕಷ್ಟ ಅಂತ. ಗೌರವ ಪ್ರೀತಿಯಿಂದಲೇ ಬರುತ್ತದೆ. ಆದರೆ ನಿಮ್ಮ ಕೆಲಸ ಮುಗಿಯಿತು ಎಂಬ ಮಾತೂ ಅದರ ಜೊತೆ ಬರುತ್ತದೆ.

ಪತ್ತನಾಜೆ ಇಲ್ಲದ ತಿರುಗಾಟ

ಬಿದ್ದ ಕಾಲದಲ್ಲೂ ಡಿಲನ್ ಒಂದನ್ನು ಬಿಡಲಿಲ್ಲ. 1988ರ ಜೂನ್ 7ರಂದು ಕ್ಯಾಲಿಫೋರ್ನಿಯಾದ ಕಾಂಕಾರ್ಡ್‌ನಲ್ಲಿ ಸಣ್ಣ ಬ್ಯಾಂಡ್ ಕಟ್ಟಿಕೊಂಡು ಒಂದು ಪ್ರವಾಸ ಶುರು ಮಾಡಿದರು, ವರ್ಷಕ್ಕೆ ಸುಮಾರು ನೂರು ಕಾರ್ಯಕ್ರಮ, ಅದು ವರ್ಷದಿಂದ ವರ್ಷಕ್ಕೆ ಮುಂದುವರಿಯಿತು. ಜನ ಅದಕ್ಕೆ 'ನೆವರ್ ಎಂಡಿಂಗ್ ಟೂರ್' ಅಂತ ಹೆಸರಿಟ್ಟರು. ನಮ್ಮ ಯಕ್ಷಗಾನ ಮೇಳಗಳಿಗೆ ತಿರುಗಾಟ ಅಂತ ಇರುವ ಹಾಗೆ. ವ್ಯತ್ಯಾಸ ಒಂದೇ. ಮೇಳದವರು ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತಾರೆ, ಮಳೆಗಾಲ ಮನೆಯಲ್ಲಿರುತ್ತಾರೆ. ಇವರಿಗೆ ಪತ್ತನಾಜೆಯೇ ಇಲ್ಲ.

ಆ ತಿರುಗಾಟದ ಕೆಲವು ರಾತ್ರಿಗಳು ತೀರಾ ಕೆಟ್ಟದಾಗಿದ್ದವು, ಧ್ವನಿಮುದ್ರಣ ಕೇಳಿದರೆ ಬೇಜಾರಾಗುತ್ತದೆ. ಆದರೂ ಇದು ಮುಖ್ಯ. ಹೊಸದು ಬರೆಯಲು ಆಗದ ದಿನಗಳಲ್ಲೂ ಅವರು ಪ್ರತಿ ವಾರ ಜನರ ಮುಂದೆ ನಿಂತು ಬಾಯಿ ತೆರೆಯುತ್ತಿದ್ದರು. ಕಂಠ ಎಲ್ಲಿ ಒಡೆಯುತ್ತದೆ, ಎಲ್ಲಿವರೆಗೆ ಏರುತ್ತದೆ, ಯಾವ ಜಾಗದಲ್ಲಿ ಇನ್ನೂ ಗಟ್ಟಿ ಉಂಟು ಅಂತ ಅವರಿಗೆ ದಿನದಿನ ಗೊತ್ತಾಗುತ್ತಿತ್ತು. ಮನೆಯಲ್ಲಿ ಕೂತವರಿಗೆ ಅದು ಗೊತ್ತಾಗುವುದಿಲ್ಲ. ಅಣ್ಣನಿಗೆ ನಾನು ಹೇಳಿದ ಮೊದಲ ಸರಿಯಾದ ಮಾತು ಇದೇ ಅಂತ ನನ್ನ ಅನಿಸಿಕೆ.

ಎರಡು ವರ್ಷ, ಬೇರೆಯವರ ಹಾಡು

ಈಗ ಬರುವುದೇ ಈ ಪ್ರಕರಣದ ಗುಟ್ಟು. ಹೆಚ್ಚಿನವರು ಇದನ್ನು ಒಂದು ಸಾಲಲ್ಲಿ ದಾಟಿಬಿಡುತ್ತಾರೆ.

1992ರಲ್ಲಿ 'ಗುಡ್ ಆ್ಯಸ್ ಐ ಬೀನ್ ಟು ಯೂ', 1993ರಲ್ಲಿ 'ವರ್ಲ್ಡ್ ಗಾನ್ ರಾಂಗ್'. ಮಾಲಿಬುವಿನ ತಮ್ಮ ಮನೆಯ ಗ್ಯಾರೇಜಿನಲ್ಲೇ ರೆಕಾರ್ಡಿಂಗ್. ಬ್ಯಾಂಡ್ ಇಲ್ಲ. ಒಬ್ಬರೇ, ಒಂದು ಗಿಟಾರ್, ಒಂದು ಮೌತ್ ಆರ್ಗನ್. ಎರಡರಲ್ಲೂ ಸ್ವಂತದ್ದು ಅಂತ ಒಂದು ಹಾಡೂ ಇಲ್ಲ. ಹೆಚ್ಚಿನವು ಹಳೆಯ ಜನಪದ ಹಾಡುಗಳು, ಹಳೆಯ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ದುಃಖದ ಹಾಡುಗಳು. ಮಿಸಿಸಿಪಿ ಶೀಕ್ಸ್ ಎಂಬ ಮೂವತ್ತರ ದಶಕದ ತಂಡದ ಹಾಡು, ಬ್ಲೈಂಡ್ ವಿಲ್ಲಿ ಮೆಕ್‌ಟೆಲ್ ಹಾಡಿದ್ದು, ಕೊಲೆಯ ಹಾಡು, ಹಡಗಿನವರ ಹಾಡು, ಕೊನೆಗೆ ಮಕ್ಕಳಿಗೆ ಹೇಳುವ ಕಪ್ಪೆಯ ಮದುವೆಯ ಹಾಡು ಕೂಡ. ಎರಡನೇ ಆಲ್ಬಮ್ಮಿನ ಜೊತೆ ಡಿಲನ್ ಸ್ವತಃ ಟಿಪ್ಪಣಿ ಬರೆದು, ಯಾವ ಹಾಡು ತಮಗೆ ಯಾರಿಂದ ಬಂತು ಅಂತ ಹೇಳಿಕೊಂಡರು. ಆ ಆಲ್ಬಮ್ಮಿಗೆ ಸಾಂಪ್ರದಾಯಿಕ ಜನಪದ ವಿಭಾಗದಲ್ಲಿ ಗ್ರ್ಯಾಮಿಯೂ ಬಂತು. ಆದರೆ ಮಾರುಕಟ್ಟೆಯ ಲೆಕ್ಕದಲ್ಲಿ ಇವು ದೊಡ್ಡ ಸುದ್ದಿ ಅಲ್ಲ. ಬರೆಯಲು ಏನೂ ಉಳಿದಿಲ್ಲ, ಅದಕ್ಕೇ ಬೇರೆಯವರದ್ದು ಹಾಡ್ತಾರೆ ಅಂತ ಅಂದುಕೊಂಡವರೇ ಜಾಸ್ತಿ.

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ತುಳುವಿನ ಕಥೆ ಹೇಳುವ ಜನಪದ ಹಾಡು ಪಾಡ್ದನ, ಅದನ್ನು ಕೇಳಿದವರಿಗೆ ಗೊತ್ತು. ಗದ್ದೆಯಲ್ಲಿ ನೇಜಿ ನೆಡುತ್ತಾ ಹೆಂಗಸರು ಹಾಡುವಾಗ ಹಾಡು ಯಾರದ್ದು ಅಂತ ಯಾರೂ ಕೇಳುವುದಿಲ್ಲ. ಒಂದೇ ಧಾಟಿ, ಒಂದೇ ನಡೆ, ಅದರೊಳಗೆ ಒಂದು ಹುಟ್ಟು, ಒಂದು ಮೋಸ, ಒಂದು ಸಾವು, ಮತ್ತೆ ಮಾಯ. ಹಾಡುವವಳು ಅಳುವುದಿಲ್ಲ, ಸ್ವರ ಏರಿಸಿ ತೋರಿಸುವುದಿಲ್ಲ. ಕಥೆ ಅದರಷ್ಟಕ್ಕೇ ಮುಂದೆ ಹೋಗುತ್ತದೆ. 'ವರ್ಲ್ಡ್ ಗಾನ್ ರಾಂಗ್'ನಲ್ಲಿ ಡೀಲಿಯಾ ಎಂಬ ಹುಡುಗಿ ಕೊಲೆಯಾದ ಹಾಡನ್ನು ಡಿಲನ್ ಹಾಡುವುದು ಕೇಳಿ. ಅದೇ ನಡೆ. ಗಂಟಲು ಒರಟು, ಉಸಿರು ಕೇಳಿಸುತ್ತದೆ, ಆದರೆ ಎಲ್ಲೂ ಒತ್ತಾಯ ಇಲ್ಲ. ಎಂಬತ್ತರ ದಶಕದ ಆಲ್ಬಮ್ಮುಗಳಲ್ಲಿ ಕಿರುಚಿ ಮುಟ್ಟಲು ನೋಡುತ್ತಿದ್ದ ಮನುಷ್ಯ ಇವರೇನಾ ಅನ್ನಿಸುತ್ತದೆ.

ಯಕ್ಷಗಾನದ ಹಾಡುಗಾರ ಬಲಿಪ ನಾರಾಯಣ ಭಾಗವತರನ್ನು ಇಲ್ಲಿ ನೆನೆಯದೆ ಇರಲಾರೆ. 2023ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅಜ್ಜನಿಂದ ಬಂದ ಹಾಡುಗಾರಿಕೆಯನ್ನು ಮೊಮ್ಮಗ ಜೀವನ ಪೂರ್ತಿ ಹೊತ್ತರು, ಅದಕ್ಕೇ ನಾವು ಬಲಿಪ ಶೈಲಿ ಅಂತ ಹೇಳುವುದು. ಆದರೆ ಅದೇ ಬಲಿಪರು ಹೊಸ ಪ್ರಸಂಗಗಳನ್ನೂ ಬರೆದರು. ಹಳೆಯ ಮಟ್ಟು ಕಂಠದೊಳಗೆ ಅಷ್ಟು ಆಳಕ್ಕೆ ಇಳಿದಿದ್ದರೆ ಹೊಸ ಪದ್ಯಕ್ಕೆ ಜಾಗ ತಾನಾಗಿಯೇ ಸಿಗುತ್ತದೆ. ಡಿಲನ್ ಐವತ್ತು ದಾಟಿದ ಮೇಲೆ ಗ್ಯಾರೇಜಿನಲ್ಲಿ ಕೂತು ಮಾಡಿದ್ದು ಅದನ್ನೇ. ಇಪ್ಪತ್ತರ ವಯಸ್ಸಿನಲ್ಲಿ ಕಲಿತ ಹಾಡುಗಳ ಹತ್ತಿರ ವಾಪಸ್ ಹೋದರು, ಈ ಸಲ ಬೇರೆ ಕಂಠ ಹಿಡಿದುಕೊಂಡು.

ಅಲ್ಲಿಂದ ಮುಂದಿನ ಹಾಡುಗಳಿಗೆ ದಾರಿ ನೇರ ಇದೆ. 'ಟೈಮ್ ಔಟ್ ಆಫ್ ಮೈಂಡ್'ನ ಸಾಲುಗಳಲ್ಲಿ ಹಳೆಯ ಬ್ಲೂಸಿನ, ಹಳೆಯ ಜನಪದ ಹಾಡುಗಳ ಚೂರುಗಳು ಎಲ್ಲ ಕಡೆ ಸಿಗುತ್ತವೆ, ಕಲ್ಲು ಕಟ್ಟಿದ ಗೋಡೆಯಲ್ಲಿ ಹಳೆ ಮನೆಯ ಕಲ್ಲು ಕಾಣುವ ಹಾಗೆ. ಕೊನೆಯ ಹಾಡು 'ಹೈಲ್ಯಾಂಡ್ಸ್' ಅಂತೂ ಹದಿನಾರೂವರೆ ನಿಮಿಷ, ಒಂದೇ ಗಿಟಾರ್ ಎಳೆ ಸುತ್ತಿ ಸುತ್ತಿ ಬರುತ್ತದೆ, ಆ ಎಳೆ ತನಗೆ ಚಾರ್ಲಿ ಪ್ಯಾಟನ್ ಎಂಬ ಹಳೆಯ ಬ್ಲೂಸ್ ಗಾಯಕನಿಂದ ಬಂತು ಅಂತ ಡಿಲನ್ ಹೇಳಿದ್ದಾರೆ, ಪಲ್ಲವಿಯ ಮೂಲ ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್. ಮೊದಲ ಸಲ ಕೇಳಿದಾಗ ಎಲ್ಲಿಗೂ ಹೋಗದ ಹಾಡು ಅನ್ನಿಸಿತ್ತು. ಪಾಡ್ದನದ ಹಾಗೆ ಕೇಳಿದ ದಿನ ಅದು ತೆರೆದುಕೊಂಡಿತು.

ಇರುವ ಕಂಠಕ್ಕೆ ಬರೆದ ಹಾಡು

ಯಕ್ಷಗಾನದಲ್ಲಿ ಶ್ರುತಿಯನ್ನು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುತ್ತಾರೆ, ಕಪ್ಪು ಇಷ್ಟು, ಬಿಳಿ ಇಷ್ಟು ಅಂತ. ವಯಸ್ಸಾದ ಭಾಗವತರಿಗೆ ಒಂದು ದಿನ ಶ್ರುತಿ ಇಳಿಸಬೇಕಾಗುತ್ತದೆ. ಕೆಲವರು ಅದನ್ನು ಸೋಲು ಅಂದುಕೊಂಡು ಒಪ್ಪುವುದಿಲ್ಲ, ಏರಿನಲ್ಲೇ ಎಳೆಯುತ್ತಾರೆ, ಕೇಳುವವರಿಗೂ ಸಂಕಟ. ಇನ್ನು ಕೆಲವರು ಇಳಿಸುತ್ತಾರೆ. ಆದರೆ ಬರೀ ಇಳಿಸಿದರೆ ಸಾಲುವುದಿಲ್ಲ. ಮೇಲಿನ ಶ್ರುತಿಯಲ್ಲಿ ಹೊಳೆಯುತ್ತಿದ್ದ ಪದ್ಯ ಕೆಳಗೆ ಬಂದಾಗ ಮಂಕಾಗಬಹುದು. ಕೆಳಗಿನ ಶ್ರುತಿಗೇ ಹುಟ್ಟಿದ ಪದ್ಯ ಬೇಕು.

'ನಾಟ್ ಡಾರ್ಕ್ ಯೆಟ್' ಅಂಥ ಹಾಡು. ಆರೂವರೆ ನಿಮಿಷ. ನಡೆ ತುಂಬಾ ನಿಧಾನ, ಸಂಜೆ ಹೊತ್ತು ಯಾರೋ ಏರು ಹತ್ತುತ್ತಾ ನಿಂತು ನಿಂತು ಹೋಗುವ ಹಾಗೆ. ಸ್ವರ ಕೆಳಗಿನ ಮನೆಗಳಲ್ಲೇ ಓಡಾಡುತ್ತದೆ, ಮೇಲೆ ಹೋಗುವ ಆಸೆಯೇ ಹಾಡಿಗೆ ಇಲ್ಲ. ಸಾಲಿನ ಕೊನೆಯಲ್ಲಿ ಉಸಿರು ಮುಗಿದರೆ ಮುಗಿಯಲಿ ಅಂತ ಬಿಟ್ಟಿದ್ದಾರೆ. ಹೇಳುವ ವಿಷಯ ಇಷ್ಟೇ, ಕತ್ತಲು ಇನ್ನೂ ಪೂರ್ತಿ ಆಗಿಲ್ಲ, ಆದರೆ ಆಗುತ್ತಾ ಇದೆ. ಈ ಹಾಡನ್ನು ಇಪ್ಪತ್ತೈದರ ಡಿಲನ್ ಬರೆದಿದ್ದರೂ ಹಾಡಲು ಆಗುತ್ತಿರಲಿಲ್ಲ. ಮೊದಲ ಹಾಡು 'ಲವ್ ಸಿಕ್' ಕೂಡ ಹಾಗೇ. ಒಬ್ಬ ಮನುಷ್ಯ ರಾತ್ರಿ ನಡೆಯುತ್ತಿದ್ದಾನೆ, ಪಕ್ಕದಲ್ಲಿ ಆರ್ಗನ್ನಿನ ಸಣ್ಣ ಮಿಡಿತ, ಅಷ್ಟರಿಂದ ಆಲ್ಬಂ ಶುರುವಾಗುತ್ತದೆ. ಆಮೇಲೆ ಹೆಚ್ಚಿನ ಹಾಡುಗಳಲ್ಲಿ ಅವನು ನಡೆಯುತ್ತಲೇ ಇರುತ್ತಾನೆ.

ಇಲ್ಲಿ ನಾನು ನನ್ನ ಮಾತನ್ನು ಸ್ಪಷ್ಟವಾಗಿ ಹೇಳುತ್ತೇನೆ. 'ಹಳೆಯ ಡಿಲನ್ ವಾಪಸ್ ಬಂದರು' ಅಂತ 1997ರಲ್ಲಿ ಬರೆದವರು ತಪ್ಪು ಕೇಳಿಸಿಕೊಂಡಿದ್ದರು. ಹಳೆಯ ಡಿಲನ್ ಎಲ್ಲೂ ಬಂದಿಲ್ಲ. ಅರವತ್ತರ ದಶಕದ ವೇಗ ಇಲ್ಲ, ಮಾತಿನ ಮಳೆ ಇಲ್ಲ. ಆ ಆಲ್ಬಮ್ಮಿನಲ್ಲಿ ಇರುವುದು ಒಬ್ಬ ಹೊಸ ಮುದುಕ. ಅವನಿಗೆ ತನ್ನ ಕಂಠ ಎಷ್ಟು ಉಳಿದಿದೆ ಅಂತ ಗೊತ್ತು, ಅಷ್ಟರಲ್ಲೇ ಎಲ್ಲವನ್ನೂ ಹೇಳುತ್ತಾನೆ.

ಮಯಾಮಿಯ ಜಗಳ

ಹಾಡುಗಳು ಮಿನ್ನೆಸೋಟಾದ ತಮ್ಮ ಜಮೀನಿನಲ್ಲಿ ಹಿಮ ಬಿದ್ದ ಚಳಿಗಾಲದಲ್ಲಿ ಬಂದವು ಅಂತ ಹೇಳುತ್ತಾರೆ. ಬರೆದದ್ದನ್ನು ಡಿಲನ್ ಮತ್ತೆ ಲನ್ವಾ ಹತ್ತಿರವೇ ತಂದರು. ರಾಗ ಇಲ್ಲದೆ ಬರೀ ಸಾಲುಗಳನ್ನು ಓದಿ ಹೇಳಿದರಂತೆ. ಜೊತೆಗೆ, ಕೇಳಿಕೊಂಡು ಬಾ ಅಂತ ಕೆಲವು ಹಳೆಯ ರೆಕಾರ್ಡುಗಳ ಹೆಸರು ಕೊಟ್ಟರು, ಚಾರ್ಲಿ ಪ್ಯಾಟನ್, ಲಿಟಲ್ ವಾಲ್ಟರ್, ಆರ್ಥರ್ ಅಲೆಕ್ಸಾಂಡರ್. ಅಂದರೆ ಗ್ಯಾರೇಜಿನ ಎರಡು ವರ್ಷ ಇಲ್ಲೂ ಕೆಲಸ ಮಾಡುತ್ತಿತ್ತು. ಹಾಡು ಬರೆದ ಮೇಲೆ ಅದರ ಸದ್ದು ಎಲ್ಲಿಂದ ಬರಬೇಕು ಅಂತ ಅವರಿಗೆ ಆಗಲೇ ಗೊತ್ತಿತ್ತು.

1996ರಲ್ಲಿ ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್ ಎಂಬ ಊರಲ್ಲಿ, ಹಳೆಯ ಸಿನಿಮಾ ಥಿಯೇಟರ್ ಒಂದನ್ನು ಲನ್ವಾ ಸ್ಟುಡಿಯೋ ಮಾಡಿಕೊಂಡಿದ್ದ ಜಾಗದಲ್ಲಿ, ಮೊದಲ ಪ್ರಯತ್ನಗಳು ನಡೆದವು. ಅಲ್ಲಿ ಒಳ್ಳೆಯ ಸದ್ದು ಸಿಕ್ಕಿತ್ತು ಅಂತ ಲನ್ವಾ ಖುಷಿಯಲ್ಲಿದ್ದರು. ಅಷ್ಟರಲ್ಲಿ ಡಿಲನ್ ಇಲ್ಲಿ ಬೇಡ, ಮಯಾಮಿಗೆ ಹೋಗುವ ಅಂದುಬಿಟ್ಟರು. 1997ರ ಜನವರಿಯಲ್ಲಿ ಎಲ್ಲರೂ ಮಯಾಮಿಯ ಕ್ರೈಟೀರಿಯಾ ಸ್ಟುಡಿಯೋದಲ್ಲಿ.

ಅಲ್ಲಿ ಸೇರಿದವರನ್ನು ನೋಡಿ. ಡ್ರಮ್ಸ್‌ಗೆ ಎಪ್ಪತ್ತರ ದಶಕದಿಂದ ಡಿಲನ್ ಜೊತೆ ಇದ್ದ ಜಿಮ್ ಕೆಲ್ಟ್‌ನರ್, ಜೊತೆಗೆ ಜಾಝ್ ಕಡೆಯ ಯುವಕ ಬ್ರಯನ್ ಬ್ಲೇಡ್. ಕೀಬೋರ್ಡಿಗೆ ಮೆಂಫಿಸ್‌ನ ಜಿಮ್ ಡಿಕಿನ್ಸನ್, ರೋಲಿಂಗ್ ಸ್ಟೋನ್ಸ್‌ನ 'ವೈಲ್ಡ್ ಹಾರ್ಸಸ್'ಗೆ ಪಿಯಾನೋ ನುಡಿಸಿದವರು. ಆರ್ಗನ್ನಿಗೆ ಟೆಕ್ಸಾಸ್‌ನ ಆಗಿ ಮೇಯರ್ಸ್, ಅವರ ಆರ್ಗನ್ ಸದ್ದು ಸಪೂರ, ನಮ್ಮ ಶ್ರುತಿಪೆಟ್ಟಿಗೆಯ ಬಂಧು ಅನ್ನಿಸುವಂಥದ್ದು. ಬೇಸ್‌ಗೆ ತಿರುಗಾಟದ ಬ್ಯಾಂಡಿನ ಟೋನಿ ಗಾರ್ನಿಯರ್. ಸ್ಟೀಲ್ ಗಿಟಾರಿಗೆ ಸಿಂಡಿ ಕ್ಯಾಶ್‌ಡಾಲರ್. ಹತ್ತು ಹನ್ನೆರಡು ಜನ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸಬೇಕು, ಡಿಲನ್ ಅಲ್ಲೇ ನಿಂತು ಹಾಡಬೇಕು. ಯಾವ ಕ್ಷಣ ಯಾವ ಸ್ಕೇಲಿಗೆ ಹೋಗುತ್ತಾರೆ ಅಂತ ಯಾರಿಗೂ ಗೊತ್ತಿಲ್ಲ. ಸರಿ ಬಂದರೆ ಬಂತು. ಇಲ್ಲದಿದ್ದರೆ ಹಾಡು ಬದಲು.

ಲನ್ವಾಗೆ ಬೇಕಾದದ್ದು ಮಂಜಿನೊಳಗಿಂದ ಬರುವ ಸದ್ದು, ಪದರದ ಮೇಲೆ ಪದರ, ಮಾರ್ದನಿ. ಡಿಲನ್‌ಗೆ ಬೇಕಾದದ್ದು ಹಳೆಯ ರೆಕಾರ್ಡಿನ ಹಾಗೆ ಒಂದು ಕೋಣೆ, ಒಂದಷ್ಟು ಜನ, ಎದುರಿಗೆ ಕಂಠ. ಇಬ್ಬರೂ ಹಿಡಿದದ್ದು ಬಿಡುವವರಲ್ಲ. ಜಗಳ ಜೋರಾಗಿಯೇ ಆಯಿತು, ಇಬ್ಬರೂ ಆಮೇಲೆ ಅದನ್ನು ಮುಚ್ಚಿಟ್ಟಿಲ್ಲ. 'ಮಿಸಿಸಿಪಿ' ಎಂಬ ಹಾಡಂತೂ ಈ ಎಳೆದಾಟದಲ್ಲೇ ಹೊರಗೆ ಉಳಿಯಿತು. ಲನ್ವಾ ಅದಕ್ಕೆ ತಾಳದ ಮೇಲೆ ತಾಳ ಹೆಣೆಯಲು ನೋಡಿದರು, ಡಿಲನ್ ಒಪ್ಪಲಿಲ್ಲ, ಹಾಡನ್ನೇ ತೆಗೆದಿಟ್ಟರು. 1998ರಲ್ಲಿ ಗಾಯಕಿ ಶೆರಿಲ್ ಕ್ರೋ ಅದನ್ನು ಹಾಡಿದರು, ಡಿಲನ್ ಅವರದ್ದು ಹೊರಬಂದದ್ದು 2001ರಲ್ಲಿ. ಅವರ ಅತಿ ಒಳ್ಳೆಯ ಹಾಡುಗಳಲ್ಲಿ ಅದೂ ಒಂದು. ಅಂಥದ್ದನ್ನು ಸರಿ ಬಂದಿಲ್ಲ ಅಂತ ಬದಿಗಿಡುವ ಧೈರ್ಯ 'ನಾಕ್ಡ್ ಔಟ್ ಲೋಡೆಡ್' ಕಾಲದ ಡಿಲನ್ ಹತ್ತಿರ ಇರಲಿಲ್ಲ, ಆಗ ಸಿಕ್ಕಿದ್ದನ್ನೆಲ್ಲ ತುಂಬುತ್ತಿದ್ದರು.

ಡಿಕಿನ್ಸನ್ ಹೇಳಿದ ಒಂದು ಕಥೆ ಉಂಟು. 'ಹೈಲ್ಯಾಂಡ್ಸ್' ಕೇಳಿ ಮ್ಯಾನೇಜ್‌ಮೆಂಟ್ ಕಡೆಯವರು, ಇದರದ್ದು ಚಿಕ್ಕ ಆವೃತ್ತಿ ಇದೆಯಾ ಅಂತ ಕೇಳಿದರಂತೆ. ಚಿಕ್ಕದ್ದೇ ಇದು ಅಂದರಂತೆ ಡಿಲನ್.

ಆಮೇಲಿನದ್ದು

ಮೇ ತಿಂಗಳ ಕೊನೆಗೆ, ಐವತ್ತಾರು ತುಂಬಿದ ಬೆನ್ನಿಗೇ, ಎದೆನೋವು ಅಂತ ಆಸ್ಪತ್ರೆ ಸೇರಿದರು. ಹಿಸ್ಟೋಪ್ಲಾಸ್ಮೋಸಿಸ್. ಹಕ್ಕಿ, ಬಾವಲಿಗಳ ಹಿಕ್ಕೆ ಬೆರೆತ ಮಣ್ಣಿನಲ್ಲಿ ಬೆಳೆಯುವ ಒಂದು ಶಿಲೀಂಧ್ರ ಉಸಿರಿನ ಮೂಲಕ ಒಳಗೆ ಹೋಗಿ ಬರುವ ಕಾಯಿಲೆ. ಅವರಿಗೆ ಅದು ಹೃದಯದ ಸುತ್ತಲಿನ ಪೊರೆಗೇ ತಾಗಿ ಊದಿಕೊಂಡಿತ್ತು. ಯುರೋಪಿನ ಪ್ರವಾಸ ರದ್ದಾಯಿತು. ಪತ್ತನಾಜೆಯ ಹೊತ್ತಿಗೇ ಅವರ ತಿರುಗಾಟವೂ ಆ ಒಂದು ಸಲ ನಿಂತದ್ದು, ಹೀಗೆ. ಆಗಲೇ ತೀರಿಹೋಗಿದ್ದ ಹಾಡುಗಾರ ಎಲ್ವಿಸ್‌ನನ್ನು ಬೇಗ ನೋಡಲಿಕ್ಕಿದೆ ಅಂದುಕೊಂಡಿದ್ದೆ ಅಂತ ಹೊರಬಂದ ಮೇಲೆ ಹೇಳಿದರು. ಆಗಸ್ಟ್‌ನಲ್ಲಿ ಮತ್ತೆ ವೇದಿಕೆ ಹತ್ತಿದರು, ಸೆಪ್ಟೆಂಬರ್ 27ರಂದು ಇಟಲಿಯ ಬೊಲೊನ್ಯಾದಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರ ಎದುರು ಹಾಡಿದರು, ಮೂರು ದಿನ ಬಿಟ್ಟು, 30ಕ್ಕೆ, ಆಲ್ಬಂ ಹೊರಬಂತು. ಸಾವಿನ ಸುದ್ದಿ ಹತ್ತಿರ ಬಂದು ಹೋಗಿದ್ದ ಕಾರಣ ಜನ ಆ ಹಾಡುಗಳನ್ನು ಆ ಕಿವಿಯಲ್ಲೇ ಕೇಳಿದರು. ತಪ್ಪು ಕಥೆ ಹುಟ್ಟಿದ್ದು ಅಲ್ಲೇ.

ಅಮೆರಿಕದ ಆಲ್ಬಂ ಮಾರಾಟದ ಪಟ್ಟಿಯಲ್ಲಿ ಹತ್ತನೇ ಸ್ಥಾನ. 1998ರ ಫೆಬ್ರವರಿಯಲ್ಲಿ ಮೂರು ಗ್ರ್ಯಾಮಿ, ಅದರಲ್ಲಿ ವರ್ಷದ ಆಲ್ಬಂ ಕೂಡ. ಆ ಪ್ರಶಸ್ತಿಯ ಸ್ಪರ್ಧೆಯಲ್ಲಿ ರೇಡಿಯೋಹೆಡ್‌ನ 'ಓಕೆ ಕಂಪ್ಯೂಟರ್', ಪಾಲ್ ಮೆಕಾರ್ಟ್ನಿಯ 'ಫ್ಲೇಮಿಂಗ್ ಪೈ' ಇದ್ದವು. ಪ್ರಶಸ್ತಿ ಹಿಡಿದು ಡಿಲನ್ ನೆನಪು ಮಾಡಿಕೊಂಡದ್ದು, ತಾನು ಹದಿಹರೆಯದಲ್ಲಿ ಡುಲೂತ್‌ನಲ್ಲಿ ನೋಡಿದ ರಾಕ್ ಹಾಡುಗಾರ ಬಡ್ಡಿ ಹಾಲಿಯನ್ನು. ಅದು 1959ರ ಜನವರಿ ಕೊನೆಯ ದಿನ, ಮೂರು ದಿನದಲ್ಲಿ ಬಡ್ಡಿ ಹಾಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಐವತ್ತಾರರ ಮನುಷ್ಯ ತನ್ನ ದೊಡ್ಡ ರಾತ್ರಿಯಲ್ಲಿ ಹದಿನೇಳರ ತನ್ನ ಕಿವಿಯನ್ನು ನೆನೆದರು. ನನಗೆ ಆ ಭಾಷಣ ಪ್ರಶಸ್ತಿಗಿಂತ ಜಾಸ್ತಿ ಮುಖ್ಯ.

ಇದು ಒಂದು ಸಲದ ಏರು ಆಗಿ ನಿಲ್ಲಲಿಲ್ಲ ಎಂಬುದೂ ಪ್ರಕರಣದ ಭಾಗ. 2001ರ ಸೆಪ್ಟೆಂಬರ್ 11ಕ್ಕೆ 'ಲವ್ ಅಂಡ್ ಥೆಫ್ಟ್', 2006ರಲ್ಲಿ 'ಮಾಡರ್ನ್ ಟೈಮ್ಸ್' ನೇರ ಮೊದಲ ಸ್ಥಾನಕ್ಕೆ, ಆಗ ವಯಸ್ಸು ಅರವತ್ತೈದು. ಎರಡಕ್ಕೂ ಲನ್ವಾ ಇಲ್ಲ. ಜಾಕ್ ಫ್ರಾಸ್ಟ್ ಎಂಬ ಇನ್ನೊಂದು ಹೆಸರಿನಲ್ಲಿ ಡಿಲನ್ ತಾವೇ ನಿರ್ಮಾಪಕರು. 'ಓ ಮರ್ಸಿ' ಆದ ಮೇಲೆ ಮತ್ತೆ ಬಿದ್ದವರು ಈ ಸಲ ಯಾಕೆ ಬೀಳಲಿಲ್ಲ ಅಂದರೆ, 1989ರಲ್ಲಿ ಅವರಿಗೆ ಸಿಕ್ಕಿದ್ದು ಒಳ್ಳೆಯ ನಿರ್ಮಾಪಕ, 1997ರ ಹೊತ್ತಿಗೆ ಕೈಯಲ್ಲಿದ್ದದ್ದು ಹಳೆಯ ಹಾಡುಗಳ ಗಂಟು ಮತ್ತು ತನ್ನ ಕಂಠದ ಸರಿಯಾದ ಅಳತೆ. ಇದು ನನ್ನ ತೀರ್ಮಾನ, ಒಪ್ಪದವರು ಇರಬಹುದು.

ಕುಲಶೇಖರದ ಜಗಲಿ

ಇಷ್ಟನ್ನೂ ಒಂದೇ ದಿನ ಹೇಳಿದ್ದಲ್ಲ. ಜುಲೈ ತಿಂಗಳು ಪೂರ್ತಿ, ಸಂಜೆ ಮಳೆ ಹಿಡಿದಾಗ ಅಣ್ಣನ ಜಗಲಿಯಲ್ಲಿ ಕೂತು ಒಂದೊಂದೇ ಹಾಡು ಕೇಳಿದೆವು. 'ಮೇಕ್ ಯೂ ಫೀಲ್ ಮೈ ಲವ್' ಬಂದಾಗ ಅವರು ನೆಟ್ಟಗೆ ಕೂತರು. ಅದನ್ನು ಎಷ್ಟೋ ರಿಸೆಪ್ಶನ್‌ಗಳಲ್ಲಿ ನುಡಿಸಿದ್ದಾರೆ, ಅಡೆಲ್ ಅವರ ಹಾಡು ಅಂತಲೇ ಅವರಿಗೆ ಗೊತ್ತಿದ್ದದ್ದು. ಅಡೆಲ್ ಹಾಡಿದ್ದು 2008ರಲ್ಲಿ, ಡಿಲನ್ ಅವರದ್ದು ಹೊರಬರುವ ಮೊದಲೇ 1997ರಲ್ಲಿ ಬಿಲ್ಲಿ ಜೋಯೆಲ್ ಹಾಡಿದ್ದರು. ಡಿಲನ್ ಹಾಡಿದ್ದನ್ನು ಅಣ್ಣ ಎರಡು ಸಲ ಹಾಕಿಸಿದರು. "ಇವರು ಏರುವುದೇ ಇಲ್ಲ ನೋಡು. ನಾನು ಸುಮ್ನೆ ಏರಿ ಏರಿ ಕಷ್ಟಪಟ್ಟೆ" ಅಂದರು.

2023ರ ಜನವರಿಯಲ್ಲಿ ಈ ಆಲ್ಬಮ್ಮಿನ ಹೊಸ ಮಿಕ್ಸ್, ಅಂದರೆ ಅದೇ ರೆಕಾರ್ಡಿಂಗಿನ ಸದ್ದುಗಳನ್ನು ಹೊಸದಾಗಿ ಬೆರೆಸಿದ್ದು, ಬಂದಿದೆ, 'ಫ್ರಾಗ್ಮೆಂಟ್ಸ್' ಎಂಬ ಸಂಗ್ರಹದಲ್ಲಿ. ಮೈಕಲ್ ಬ್ರಾವರ್ ಮಾಡಿದ್ದು. ಲನ್ವಾ ಹಾಕಿದ ಮಂಜನ್ನು ಒರೆಸಿ, ಕಂಠವನ್ನು ಮುಂದೆ ತಂದಿದ್ದಾರೆ. ನನಗೆ ಅದೇ ಇಷ್ಟ, ಹಾಡುವವರು ಪಕ್ಕದ ಕುರ್ಚಿಯ ಮೇಲೆ ಕೂತ ಹಾಗೆ ಕೇಳುತ್ತದೆ. ಅಣ್ಣ ಒಪ್ಪಲಿಲ್ಲ. ಹಳೆಯದರಲ್ಲಿ ಕೋಣೆ ಉಂಟು, ಜನ ಉಂಟು, ಇದರಲ್ಲಿ ಇವರೊಬ್ಬರೇ ಆಗಿಬಿಟ್ಟಿದ್ದಾರೆ ಅಂತ ಅವರ ವಾದ. ಹಂಚಿನ ಮಾಡಿನ ಮೇಲೆ ಮಳೆ ಬೀಳುವಾಗ ಹಳೆಯ ಮಿಕ್ಸ್ ಕೇಳಿದರೆ ಅವರ ಮಾತಲ್ಲಿ ಹುರುಳಿದೆ ಅನ್ನಿಸುತ್ತದೆ. ನಮ್ಮ ಈ ಚರ್ಚೆ ಇನ್ನೂ ಮುಗಿದಿಲ್ಲ.

ಗಿಟಾರ್ ಆಗಸ್ಟ್‌ನಲ್ಲಿ ಕೆಳಗೆ ಬಂತು. ಹೊಸ ತಂತಿ ಹಾಕಿದರು, ಎಲ್ಲವನ್ನೂ ಒಂದು ಪೂರ್ತಿ ಸ್ವರ ಕೆಳಗೆ ಟ್ಯೂನ್ ಮಾಡಿದರು. ನಾನು ಡಿಲನ್ ಹಾಡು ಶುರು ಮಾಡ್ತಾರೆ ಅಂದುಕೊಂಡಿದ್ದೆ. ಅವರು ಹಿಡಿದದ್ದು ವೊವಿಯೊ, ರೋಸ್ ದಿನ ಮದುಮಗಳ ತಲೆಗೆ ತೆಂಗಿನಹಾಲು ಹಾಕುವಾಗ ಹಿರಿಯರು ಹಾಡುವ ಕೊಂಕಣಿ ಪದಗಳು. ಅವರ ಅಮ್ಮ ಊರಿಡೀ ಹಾಡುತ್ತಿದ್ದರಂತೆ. ಇಷ್ಟು ವರ್ಷ ಮದುವೆ ಮನೆಗಳಲ್ಲಿ ಅದು ಮುಗಿಯಲಿ ಅಂತ ಗಿಟಾರ್ ಹಿಡಿದು ಕಾದವರು ಈಗ ಅದನ್ನೇ ತಗ್ಗಿದ ಸ್ವರದಲ್ಲಿ ನಿಧಾನಕ್ಕೆ ಹಾಡಿದರು, ಅಡುಗೆಮನೆಯಿಂದ ಅವರ ಹೆಂಡತಿ ಬಂದು ಬಾಗಿಲಲ್ಲಿ ನಿಂತರು. ಐದು ಸಾಲು ಬಂತು. ಆರನೆಯದು ಅಮ್ಮ ಹೇಗೆ ತಿರುಗಿಸುತ್ತಿದ್ದರು ಅಂತ ನೆನಪಾಗಲಿಲ್ಲ. ಬಜ್ಪೆಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದ್ದಾರೆ. ಫೋನಿನಲ್ಲಿ ಆಗುವುದಿಲ್ಲ, ಭಾನುವಾರ ಪೂಜೆ ಮುಗಿಸಿ ಬರ್ತೇನೆ ಅಂದಿದ್ದಾರಂತೆ ಅವರು.